ಯೆಲ್ಲೋನೈಫ್ ಪ್ರವಾಸ: ಚಿನ್ನದ ಊರಲ್ಲಿ ನೀರಿನ ಕಥೆ

ಶನಿವಾರ

ಎಡ್ಮಂಟನ್‌ನಿಂದ ಯೆಲ್ಲೋನೈಫ್‌ಗೆ ಹತ್ತತ್ರ 1,450 ಕಿಲೋಮೀಟರ್. ನಾವಿರೋ ಎಡ್ಮಂಟನ್ ಕೆನಡಾದ ಅಲ್ಬರ್ಟಾ ಪ್ರಾಂತ್ಯದಲ್ಲಿ, ಯೆಲ್ಲೋನೈಫ್ ಅದರ ಉತ್ತರಕ್ಕಿರೋ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶದ ರಾಜಧಾನಿ. ವಿಮಾನದಲ್ಲಿ ಬೇಗ ಹೋಗಿಬಿಡಬಹುದು, ಆದ್ರೂ ನಾವು ಕಾರಲ್ಲೇ ಹೊರಟ್ವಿ, ಯಾಕಂದ್ರೆ ಆ ಊರು ಎಷ್ಟು ದೂರ ಇದೆ ಅನ್ನೋದು ಮೈಗೆ ಗೊತ್ತಾಗದೆ ಅದರ ಹಿಸ್ಟರಿ ಅರ್ಥ ಆಗಲ್ಲ ಅಂತ ನನಗೆ ಮೊದಲಿಂದಾನೂ ಅನ್ಸಿತ್ತು. ನಾನು, ನಮ್ಮೆಜಮಾನ್ರು, ಹೈಸ್ಕೂಲ್ ಓದೋ ಮಗಳು. ಡಿಕ್ಕಿ ತುಂಬ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಸಣ್ಣ ರೈಸ್ ಕುಕ್ಕರ್, ನಾಲ್ಕು ಕ್ಯಾನ್ ನೀರು. ಇಡೀ ದಿನ ಗೋಧಿ ಹೊಲ, ಆಮೇಲೆ ಕಾಡು, ಮತ್ತೂ ಕಾಡು. ರಾತ್ರಿ ಹೈ ಲೆವೆಲ್ ಅನ್ನೋ ಊರಲ್ಲಿ ಉಳ್ಕೊಂಡ್ವಿ.

ಭಾನುವಾರ

ಅಲ್ಬರ್ಟಾ ಮುಗಿಯೋದು 60ನೇ ಅಕ್ಷಾಂಶದಲ್ಲಿ, ಅಲ್ಲಿಂದ ಆಚೆ ನಾರ್ತ್‌ವೆಸ್ಟ್ ಟೆರಿಟರೀಸ್. ಬಾರ್ಡರ್ ದಾಟಿ ಸ್ವಲ್ಪ ದೂರ ಹೋದ್ಮೇಲೆ ರೋಡ್ ಪಕ್ಕದಲ್ಲೇ ಅಲೆಕ್ಸಾಂಡ್ರಾ ಫಾಲ್ಸ್, ಹೇ ನದಿ 32 ಮೀಟರ್ ಕೆಳಗೆ ಬೀಳತ್ತೆ. ನೀರಿನ ಬಣ್ಣ ಚಹಾ ಡಿಕಾಕ್ಷನ್ ಥರ. ಇಷ್ಟು ಚೆನ್ನಾಗಿರೋ ಫಾಲ್ಸ್ ಹತ್ರ ನಾವು ಮೂರು ಜನ ಬಿಟ್ರೆ ಇನ್ನೊಂದೇ ಕುಟುಂಬ ಇದ್ದಿದ್ದು.

ಅದಾದ್ಮೇಲೆ ಬರೋದು ಎಂಟರ್‌ಪ್ರೈಸ್ ಅನ್ನೋ ಪುಟ್ಟ ಹಳ್ಳಿ. 2023ರ ಆಗಸ್ಟ್ 13ಕ್ಕೆ ಕಾಡ್ಗಿಚ್ಚು ಬಂದು ಈ ಹಳ್ಳಿಯ ಬಹುಪಾಲು ಮನೆಗಳು ಸುಟ್ಟು ಹೋದ್ವು. ಅದಾಗಿ ಮೂರೇ ದಿನಕ್ಕೆ ಯೆಲ್ಲೋನೈಫ್‌ಗೂ ಊರು ಖಾಲಿ ಮಾಡಿ ಅಂತ ಆರ್ಡರ್ ಬಂತು, ಸುಮಾರು 20 ಸಾವಿರ ಜನ, ವಿಮಾನ ಸಿಕ್ಕಿದೋರು ವಿಮಾನದಲ್ಲಿ, ಉಳಿದೋರು ಕಾರು ತಗೊಂಡು ಇದೇ ರೋಡಲ್ಲಿ, ಹೊಗೆ ಒಳಗೇ ಗಂಟೆಗಟ್ಟಲೆ ಓಡಿಸ್ಕೊಂಡು ದಕ್ಷಿಣಕ್ಕೆ ಬಂದ್ರು, ವಾಪಸ್ ಹೋಗೋಕೆ ಬಿಟ್ಟಿದ್ದು ಸೆಪ್ಟೆಂಬರ್ 6ರಿಂದ. ಆಗ ನಮ್ಮ ಎಡ್ಮಂಟನ್‌ಗೂ ತುಂಬ ಜನ ಬಂದಿದ್ರು. ರೋಡಿನ ಎರಡೂ ಕಡೆ ಸುಟ್ಟ ಮರಗಳು ಇನ್ನೂ ನಿಂತಿವೆ, ಬುಡದಲ್ಲಿ ನೇರಳೆ ಬಣ್ಣದ ಫೈರ್‌ವೀಡ್ ಹೂವು.

ಮೆಕೆಂಜಿ ನದಿ ದಾಟೋದು ದೇ ಚೊ ಸೇತುವೆ ಮೇಲೆ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ, ಓಪನ್ ಆಗಿದ್ದು 2012ರ ನವೆಂಬರ್‌ನಲ್ಲಿ. ಅಂದ್ರೆ ಅಲ್ಲೀವರೆಗೂ ಒಂದು ರಾಜಧಾನಿಗೆ ವರ್ಷಪೂರ್ತಿ ಓಡೋ ರೋಡೇ ಇರ್ಲಿಲ್ಲ! ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ ಮೇಲೇ ಲಾರಿ, ನಡುವೆ ಐಸ್ ಕಟ್ಟೋವಾಗ ಮತ್ತೆ ಒಡೆಯೋವಾಗ ವಾರಗಟ್ಟಲೆ ಎರಡೂ ಇಲ್ಲ, ಹಾಲು ತರಕಾರಿ ಎಲ್ಲ ವಿಮಾನದಲ್ಲೇ ಬರ್ಬೇಕಿತ್ತು. ಸೇತುವೆ ಆಚೆ ನಮ್ಮ ಕಾಡೆಮ್ಮೆ ಥರದ ಬೈಸನ್‌ಗಳ ಅಭಯಾರಣ್ಯ, 1963ರಲ್ಲಿ 18 ಬೈಸನ್ ತಂದು ಬಿಟ್ಟಿದ್ದು, ಈಗ ಅವೇ ರೋಡಿಗೆ ಯಜಮಾನ್ರು. ಒಂದು ದೊಡ್ಡ ಗೂಳಿ ಮಧ್ಯದಲ್ಲೇ ನಿಂತಿತ್ತು, ಅದು ಹೋಗೋ ತನಕ ಇಂಜಿನ್ ಆಫ್ ಮಾಡಿ ಕೂತ್ವಿ.

ಯೆಲ್ಲೋನೈಫ್ ಹತ್ರ ಬರ್ತಿದ್ದ ಹಾಗೆ ಮಣ್ಣೇ ಕಾಣಲ್ಲ, ಬರೀ ಗುಲಾಬಿ ಬಣ್ಣದ ಬಂಡೆ, ಸಣ್ಣ ಸಣ್ಣ ಮರ, ಎಲ್ಲಿ ನೋಡಿದ್ರೂ ಕೆರೆ. ರೋಡ್ ಮೇಲೆ ಕೆಳಗೆ ಕುಲುಕಾಡ್ಸತ್ತೆ, ಕೆಳಗಿನ ನೆಲ ಹೆಪ್ಪುಗಟ್ಟಿ ಮತ್ತೆ ಕರಗಿ ಉಬ್ಬೋದ್ರಿಂದ. ರಾತ್ರಿ ಒಂಬತ್ತಾದ್ರೂ ಇನ್ನೂ ಬೆಳಕಿತ್ತು.

ಸೋಮವಾರ

ಓಲ್ಡ್ ಟೌನ್. ಊರು ಶುರುವಾಗಿದ್ದು ಇಲ್ಲೇ, ಗ್ರೇಟ್ ಸ್ಲೇವ್ ಲೇಕ್‌ಗೆ ಚಾಚ್ಕೊಂಡಿರೋ ಒಂದು ಬಂಡೆ ತುದಿ ಮೇಲೆ. ಈ ಲೇಕ್ ಉತ್ತರ ಅಮೆರಿಕದಲ್ಲೇ ಅತಿ ಆಳ, 614 ಮೀಟರ್. ರೋಡಿಲ್ಲದ ಕಾಡಿಗೆ ಸಣ್ಣ ವಿಮಾನ ಹಾರಿಸ್ತಿದ್ದ ಬುಷ್ ಪೈಲಟ್‌ಗಳ ಸ್ಮಾರಕದ ಮೆಟ್ಲು ಹತ್ತಿ ಮೇಲೆ ನಿಂತ್ರೆ ಇಡೀ ಕೊಲ್ಲಿ ಕಾಣತ್ತೆ, ನೀರ ಮೇಲೆ ಬಣ್ಣಬಣ್ಣದ ಹೌಸ್‌ಬೋಟ್, ಕೆಳಗೆ ನೀರ ಮೇಲೇ ಇಳಿಯೋ ಫ್ಲೋಟ್ ಪ್ಲೇನ್‌ಗಳು ಒಂದಾದ್ಮೇಲೆ ಒಂದು ಏಳ್ತಾ ಇಳೀತಾ ಇರತ್ವೆ.

ಕಥೆ ಹೀಗಿದೆ. 1898ರಲ್ಲಿ ಕ್ಲೊಂಡೈಕ್‌ಗೆ ಚಿನ್ನ ಹುಡ್ಕೊಂಡು ಹೋಗ್ತಿದ್ದ ಬ್ಲೇಕ್ನಿ ಅನ್ನೋರಿಗೆ ಇಲ್ಲೇ ಸ್ವಲ್ಪ ಚಿನ್ನ ಸಿಕ್ತು, ಆದ್ರೆ ಇಷ್ಟು ದೂರದಿಂದ ಅದನ್ನ ತೆಗೆಯೋದು ಯಾರಿಗೂ ಆಗೋ ಮಾತಾಗಿರ್ಲಿಲ್ಲ. 1930ರ ದಶಕದಲ್ಲಿ ಸಣ್ಣ ವಿಮಾನಗಳು ಬಂದ್ಮೇಲೆ ಲೆಕ್ಕ ಬದಲಾಯ್ತು. ಜಾನಿ ಬೇಕರ್ ಮತ್ತೆ ಹರ್ಬ್ ಡಿಕ್ಸನ್ ಅನ್ನೋರು ಯೆಲ್ಲೋನೈಫ್ ನದಿಯ ಮೇಲ್ಗಡೆ ಚಿನ್ನ ಕಂಡ್ರು, 1935ರಲ್ಲಿ ಸರ್ಕಾರದ ಜಿಯಾಲಜಿಸ್ಟ್‌ಗಳು ಕೊಲ್ಲಿಯ ಪಶ್ಚಿಮ ದಡದಲ್ಲಿ ಇನ್ನೂ ಒಳ್ಳೆ ಜಾಗ ಕಂಡ್ರು, ಅಷ್ಟೇ, ಡೇರೆ ಮೇಲೆ ಡೇರೆ. ಕಾನ್ ಮೈನ್‌ನಲ್ಲಿ ಮೊದಲ ಚಿನ್ನದ ಗಟ್ಟಿ ಎರಕ ಹೊಯ್ದಿದ್ದು 1938ರ ಸೆಪ್ಟೆಂಬರ್ 5ಕ್ಕೆ. ಅದಕ್ಕಿಂತ ಒಂದು ವರ್ಷ ಮೊದಲೇ, 1937ರಲ್ಲಿ, ಮರದ ದಿಮ್ಮಿ ಜೋಡಿಸಿ ವೈಲ್ಡ್‌ಕ್ಯಾಟ್ ಕೆಫೆ ಕಟ್ಟಾಗಿತ್ತು, ಈಗ ಅದನ್ನ ಹೆರಿಟೇಜ್ ಕಟ್ಟಡ ಅಂತ ಜೋಪಾನ ಮಾಡಿದ್ದಾರೆ. ಅದರ ಮುಂದೆ ನಿಂತ್ರೆ ಚಾವಣಿ ಎಷ್ಟು ತಗ್ಗು ಅಂತ ಆಶ್ಚರ್ಯ ಆಗತ್ತೆ, ಆ ಚಳೀಲಿ ಒಳಗೆ ಎಷ್ಟು ಜನ ಒತ್ತಿಕೊಂಡು ಕೂತು ಊಟ ಮಾಡ್ತಿದ್ರೋ.

ನನಗೆ ಇಲ್ಲಿ ತುಂಬ ಹಿಡಿಸಿದ ಮನುಷ್ಯ ಟಾಮ್ ಡೋರ್ನ್‌ಬೋಸ್. 1940ರ ದಶಕದಲ್ಲಿ ಓಲ್ಡ್ ಟೌನ್‌ಗೆ ನಲ್ಲಿ ಇಲ್ಲ, ಬಂಡೆ ಮೇಲೆ ಪೈಪ್ ಹೂಳೋಕೂ ಆಗಲ್ಲ, ಅಂಥ ಊರಲ್ಲಿ ಈತ ಹೆಗಲ ಮೇಲೆ ಅಡ್ಡೆ ಹೊತ್ತು ಎರಡೂ ಕಡೆ ಬಕೆಟ್ ಕಟ್ಕೊಂಡು ಮನೆಮನೆಗೆ ನೀರು ಮಾರ್ತಿದ್ರು. ಅವ್ರ ಹೆಸರಲ್ಲಿ ಒಂದು ಗಲ್ಲಿ ಇದೆ, ಡೋರ್ನ್‌ಬೋಸ್ ಲೇನ್. ಇವತ್ತಿಗೂ ಓಲ್ಡ್ ಟೌನ್‌ನ ಎಷ್ಟೋ ಮನೆಗೆ ನೀರು ಟ್ಯಾಂಕರ್‌ನಲ್ಲೇ ಬರೋದು. ಬಂಡೆ ಮೇಲೆ ಜಾಗ ಸಾಲ್ದೆ ಎರಡನೇ ಮಹಾಯುದ್ಧ ಮುಗೀತಿದ್ದ ಹಾಗೆ ಮೇಲ್ಗಡೆ ಮರಳು ನೆಲದಲ್ಲಿ ನ್ಯೂ ಟೌನ್ ಅಳತೆ ಮಾಡಿದ್ರು, ಈಗಿನ ಡೌನ್‌ಟೌನ್ ಅದೇ.

ರ್‍ಯಾಗೆಡ್ ಆಸ್ ರೋಡ್ ಅಂತ ತುಂಟ ಹೆಸರಿನ ಒಂದು ಬೀದಿ ಇದೆ, ಅದರ ಬೋರ್ಡ್ ಜೊತೆ ಎಲ್ಲರೂ ಫೋಟೋ ತೆಗೆಸ್ಕೋತಾರೆ, ನಾವೂ ತೆಗೆಸ್ಕೊಂಡ್ವಿ.

ಓಲ್ಡ್ ಟೌನ್‌ನ ಮಾಹಿತಿ ಫಲಕಗಳನ್ನೆಲ್ಲ ನಿಧಾನಕ್ಕೆ ಓದ್ತಾ ಹೋದ ಹಾಗೆ ನನಗೆ ಒಂದು ವಿಷಯ ಎದ್ದು ಕಾಣ್ತು. ಚಿನ್ನ ಹುಡುಕಿದೋರು, ಪೈಲಟ್‌ಗಳು, ಅಂಗಡಿಯೋರು, ಎಲ್ಲರ ಹೆಸರೂ ಇದೆ. ಆದ್ರೆ ಇಲ್ಲಿನ ಮೂಲನಿವಾಸಿಗಳಾದ ಡೆನೆ ಜನರ ಹಿರಿಯರು ಹೇಳೋ ಒಂದು ಕಥೆ ಅವುಗಳಲ್ಲಿ ನನಗೆ ಕಾಣ್ಲಿಲ್ಲ, ಈ ಕಥೇನ ನಾನು ಹೋಗೋಕೆ ಮುಂಚೇನೇ ಓದಿದ್ದೆ. ಲೀಜಾ ಕ್ರುಕೆಡ್‌ಹ್ಯಾಂಡ್ ಅನ್ನೋ ಡೆನೆ ಹೆಂಗಸು ಬೆರ್ರಿ ಹಣ್ಣು ಕೀಳೋ ಜಾಗದಲ್ಲಿ ಸಿಕ್ಕಿದ ಹೊಳೆಯೋ ಕಲ್ಲೊಂದನ್ನ ಬಿಳಿಯನೊಬ್ಬನಿಗೆ ತೋರಿಸಿದ್ರಂತೆ, ಅದಕ್ಕೆ ಬದಲಾಗಿ ಆಕೆಗೆ ಸಿಕ್ಕಿದ್ದು ಒಲೆಗೆ ಹಾಕೋ ಮೂರು ಹೊಗೆಕೊಳವೆ. ಆ ಜನರ ಪಾಲಿಗೆ ಊರಿನ ಚಿನ್ನದ ಕಥೆ ಶುರುವಾಗೋದೇ ಇಲ್ಲಿಂದ. ಇದನ್ನ ಕೇಳಿ ಮಗಳು "ಅಮ್ಮಾ, ಮೂರು ಪೈಪಾ?" ಅಂದ್ಲು, ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ.

ಮಂಗಳವಾರ

ಬೆಳಿಗ್ಗೆ ಪ್ರಿನ್ಸ್ ಆಫ್ ವೇಲ್ಸ್ ನಾರ್ದರ್ನ್ ಹೆರಿಟೇಜ್ ಸೆಂಟರ್, 1979ರಲ್ಲಿ ಓಪನ್ ಆದ ಮ್ಯೂಸಿಯಂ, ಫ್ರೇಮ್ ಲೇಕ್ ದಡದಲ್ಲಿದೆ. ಮೂಸ್ ಅನ್ನೋ ದೊಡ್ಡ ಜಿಂಕೆಯ ಚರ್ಮ ಹೊಲಿದು ಮಾಡಿದ ನಿಜವಾದ ದೋಣಿ ಇಟ್ಟಿದ್ದಾರೆ, ಹತ್ರ ನಿಂತು ಹೊಲಿಗೆ ನೋಡ್ಬೇಕು. ಇಲ್ಲಿ ಓದ್ಕೊಂಡ ಇನ್ನೊಂದು ವಿಷಯ, ಡೆನೆಗಳಲ್ಲೇ ಒಂದು ಗುಂಪಾದ ಟ್ಲಿಚೊ ಜನರ, ಕ್ಯಾರಿಬೂ ಅನ್ನೋ ಜಿಂಕೆ ಚರ್ಮದ ಡೇರೆ 1894ರಲ್ಲಿ ಅಮೆರಿಕದ ಅಯೋವಾ ಯೂನಿವರ್ಸಿಟಿ ಕಡೆಯೋರ ಜೊತೆ ಹೋಗಿ, ನೂರು ವರ್ಷ ಅಲ್ಲೇ ಇದ್ದು, 1997ರಲ್ಲಿ ತನ್ನ ಜನರ ಹತ್ರ ವಾಪಸ್ ಬಂತು. ಹೋದದ್ದು ವಾಪಸ್ ಬರೋದು ಅಪರೂಪ, ಓದಿ ಖುಷಿ ಆಯ್ತು.

ಅಕೈಚೊ ಬಗ್ಗೆ ಸ್ವಲ್ಪ ಬರೀಲೇಬೇಕು. ಈ ಕಡೆಯ ಯೆಲ್ಲೋನೈವ್ಸ್ ಡೆನೆ ಜನರ ನಾಯಕ, ತಾಮ್ರದ ಚಾಕು ಬಳಸ್ತಿದ್ದ ಆ ಜನರಿಂದಲೇ ಊರಿಗೆ ಈ ಹೆಸರು. 1820ರಲ್ಲಿ ಇಂಗ್ಲೆಂಡಿನ ಜಾನ್ ಫ್ರಾಂಕ್ಲಿನ್ ಆರ್ಕ್ಟಿಕ್ ತೀರದ ಮ್ಯಾಪ್ ಮಾಡ್ತೀನಿ ಅಂತ ಬಂದಾಗ ಬೇಟೆ ಆಡಿ ಊಟ ಕೊಟ್ಟು ದಾರಿ ತೋರಿಸಿದ್ದು ಇವ್ರ ಜನ. ಇಷ್ಟು ಕಡಿಮೆ ತಯಾರಿ ಇಟ್ಕೊಂಡು ಹೋಗೋದು ಅಪಾಯ ಅಂತ ಅಕೈಚೊ ಹೇಳಿದ್ರು. ಮುಂದಿನ ವರ್ಷ ತೀರದಿಂದ ವಾಪಸ್ ಬರೋವಾಗ ಊಟ ಇಲ್ದೆ, ಬಂಡೆ ಮೇಲಿನ ಕಲ್ಲುಹೂವು, ಹಳೇ ಚರ್ಮದ ಬೂಟು ತಿಂದು, 20 ಜನರಲ್ಲಿ 11 ಜನ ಸತ್ರು. ಉಳಿದೋರನ್ನ 1821ರ ನವೆಂಬರ್‌ನಲ್ಲಿ ಮಾಂಸ ತಂದು, ತಾವೇ ಕೂತು ಉಣಿಸಿ ಬದುಕ್ಸಿದ್ದು ಅಕೈಚೊ ಕಳಿಸಿದ ಬೇಟೆಗಾರರು. ಫ್ರಾಂಕ್ಲಿನ್ ಇಂಗ್ಲೆಂಡಿಗೆ ಹೋಗಿ ದೊಡ್ಡ ಹೀರೋ ಆದ. ನನ್ನ ಪ್ರಕಾರ ಈ ಊರಿನ ಹಿಸ್ಟರಿ 1935ರಿಂದ ಶುರು ಮಾಡೋದೇ ತಪ್ಪು, ಶುರು ಮಾಡೋದಾದ್ರೆ ಈ ಊಟ ಹಾಕಿದ ಕೈಗಳಿಂದ ಶುರು ಮಾಡ್ಬೇಕು.

ಮಧ್ಯಾಹ್ನ ಕೆರೆಯಂಚಿನ ದಾರೀಲೇ ನಡ್ಕೊಂಡು ಅಸೆಂಬ್ಲಿ ಕಟ್ಟಡಕ್ಕೆ. 1967ರವರೆಗೆ ಈ ಇಡೀ ಪ್ರದೇಶದ ಆಡಳಿತ ನಡೀತಿದ್ದಿದ್ದು ಕೆನಡಾದ ರಾಜಧಾನಿ ಒಟ್ಟಾವಾದಿಂದ, ಸಾವಿರಾರು ಕಿಲೋಮೀಟರ್ ದೂರ ಕೂತು. ಆ ವರ್ಷ ಯೆಲ್ಲೋನೈಫ್ ರಾಜಧಾನಿ ಆಯ್ತು, ಸೆಪ್ಟೆಂಬರ್‌ನಲ್ಲಿ ಕಮಿಷನರ್ ಸ್ಟುವರ್ಟ್ ಹಾಡ್ಜ್ಸನ್ ತಮ್ಮ ಆಫೀಸಿನೋರನ್ನ, ಫೈಲು ಪೆಟ್ಟಿಗೇನೆಲ್ಲ ವಿಮಾನಕ್ಕೆ ತುಂಬ್ಕೊಂಡು ಬಂದಿಳಿದ್ರು. ಈಗಿನ ಕಟ್ಟಡ 1993ರದ್ದು. ಸದಸ್ಯರು 19 ಜನ, ಪಾರ್ಟಿ ಅನ್ನೋದೇ ಇಲ್ಲ, ಎಲ್ಲರೂ ಸ್ವತಂತ್ರರಾಗಿ ಗೆದ್ದು ಬಂದು ತಮ್ಮೊಳಗೇ ಮುಖ್ಯಮಂತ್ರೀನ ಆರಿಸ್ಕೋತಾರೆ. ಅಧಿಕೃತ ಭಾಷೆ 11, ಅದರಲ್ಲಿ ಒಂಬತ್ತು ಮೂಲನಿವಾಸಿಗಳದ್ದು. ನಮ್ಮೆಜಮಾನ್ರು ಇಲ್ಲೇ ಒಂದು ಗಂಟೆ ಜಾಸ್ತಿ ನಿಂತ್ರು, ನಮ್ಮ ಕಡೆ ಪಕ್ಷಾಂತರ ಅನ್ನೋ ಮಾತೇ ಇರ್ತಿರ್ಲಿಲ್ಲ ಅಲ್ವೇನೇ ಅಂತ ಆಮೇಲೆ ಊಟದ ಹೊತ್ತಲ್ಲೂ ಅದೇ ಮಾತು.

ಬುಧವಾರ

ನಾನು ಇಷ್ಟು ದೂರ ಬಂದಿದ್ದು ನಿಜ ಹೇಳ್ಬೇಕಂದ್ರೆ ಈ ದಿನಕ್ಕೋಸ್ಕರ. ಊರಿಂದ ಉತ್ತರಕ್ಕೆ ಇಂಗ್ರಾಮ್ ಟ್ರೇಲ್ ರೋಡ್ ಹಿಡಿದ್ರೆ ಸ್ವಲ್ಪಕ್ಕೇ ಜೈಂಟ್ ಮೈನ್ ಅನ್ನೋ ಹಳೇ ಚಿನ್ನದ ಗಣಿಯ ಜಾಗ. ಬೇಲಿ, ಎಚ್ಚರಿಕೆ ಬೋರ್ಡು, ಲಾರಿಗಳ ಓಡಾಟ. ಒಳಗೆ ಬಿಡಲ್ಲ. ಕೊಲ್ಲಿ ದಡದ ಕಡೆ ಹಳೇ ಗಣಿ ಯಂತ್ರಗಳನ್ನ ಬಯಲಲ್ಲಿ ಸಾಲಾಗಿ ಇಟ್ಟಿದ್ದಾರೆ, ಅಲ್ಲಿ ಗಾಡಿ ನಿಲ್ಲಿಸಿ ಓಡಾಡಿದ್ವಿ.

ಜೈಂಟ್ ಶುರುವಾಗಿದ್ದು 1948ರಲ್ಲಿ, ಮುಚ್ಚಿದ್ದು 2004ರಲ್ಲಿ, ಅಷ್ಟರಲ್ಲಿ 70 ಲಕ್ಷ ಔನ್ಸ್ ಚಿನ್ನ ಕೊಟ್ಟಿದೆ. ಆದ್ರೆ ಇಲ್ಲಿನ ಚಿನ್ನ ಆರ್ಸೆನೋಪೈರೈಟ್ ಅನ್ನೋ ಅದಿರಿನೊಳಗೆ ಸೇರ್ಕೊಂಡಿರತ್ತೆ, ಸುಮ್ನೆ ಪುಡಿ ಮಾಡಿದ್ರೆ ಬಿಡಲ್ಲ, ಕುಲುಮೇಲಿ ಹುರೀಬೇಕು. ಹುರಿದ್ರೆ ಆರ್ಸೆನಿಕ್ ಹೊಗೆ ಆಗಿ ಮೇಲೆ ಹೋಗತ್ತೆ, ತಣ್ಣಗಾದ್ಮೇಲೆ ಅದೇ ಆರ್ಸೆನಿಕ್ ಟ್ರೈಆಕ್ಸೈಡ್ ಅನ್ನೋ ಪುಡಿ, ಅಂದ್ರೆ ಪಾಷಾಣ, ನೀರಲ್ಲಿ ಕರಗತ್ತೆ, ರುಚಿ ಇಲ್ಲ, ವಾಸನೆ ಇಲ್ಲ. ಮೊದಲ ಎರಡು ಮೂರು ವರ್ಷ ಚಿಮಣಿಗೆ ಯಾವ ಫಿಲ್ಟರೂ ಇರ್ಲಿಲ್ಲ, ದಿನಕ್ಕೆ 7 ಸಾವಿರ ಕೆಜಿಗಿಂತ ಹೆಚ್ಚು ಆರ್ಸೆನಿಕ್ ಗಾಳಿಗೆ ಹೋಗ್ತಿತ್ತು. ಅದು ಬಿದ್ದಿದ್ದು ಹಿಮದ ಮೇಲೆ. ಇಲ್ಲಿನ ಡೆನೆ ಜನ ಚಳಿಗಾಲದಲ್ಲಿ ಕುಡಿಯೋಕೆ ಹಿಮ ಕರಗಿಸ್ಕೊಂಡು ಕುಡೀತಿದ್ರು.

1951ರ ವಸಂತದಲ್ಲಿ ಓಲ್ಡ್ ಟೌನ್‌ಗೆ ಅಂಟಿಕೊಂಡಿರೋ ಲೇಥಮ್ ದ್ವೀಪದ ಒಂದು ಡೆನೆ ಮಗು, ಎರಡು ವರ್ಷದ ಗಂಡುಮಗು, ಈ ವಿಷಕ್ಕೆ ಸತ್ತೋಯ್ತು. ಕಂಪನಿ ಆ ಕುಟುಂಬಕ್ಕೆ ಕೊಟ್ಟಿದ್ದು 750 ಡಾಲರ್. ಹಿಮದ ನೀರು ಕುಡೀಬೇಡಿ ಅಂತ ಎಚ್ಚರಿಕೆ ಪೇಪರ್‌ನಲ್ಲಿ ಬಂತು, ಇಂಗ್ಲಿಷಲ್ಲಿ, ಓದೋಕೆ ಬರದ ಜನರಿಗೆ. ಇದನ್ನ ಟೈಪ್ ಮಾಡ್ತಾ ಇದ್ರೂ ಹೊಟ್ಟೆ ಉರಿಯತ್ತೆ.

ಆ ವರ್ಷವೇ ಪುಡಿ ಹಿಡಿಯೋ ಯಂತ್ರ ಹಾಕಿದ್ರು, ಹಿಡಿದ ಪುಡೀನ ಗಣಿಯ ಒಳಗೇ ದೊಡ್ಡ ದೊಡ್ಡ ಕೋಣೆ ಕೊರೆದು ತುಂಬಿಸ್ತಾ ಹೋದ್ರು. 1999ರಲ್ಲಿ ಕಂಪನಿ ದಿವಾಳಿ ಆಗಿ ಕೈ ತೊಳ್ಕೊಂಡಾಗ ನೆಲದ ಕೆಳಗೆ 2 ಲಕ್ಷ 37 ಸಾವಿರ ಟನ್ ಪಾಷಾಣ ಉಳಿದಿತ್ತು, ಅದೂ ಇಷ್ಟು ದೊಡ್ಡ ಸರೋವರದ ಪಕ್ಕದಲ್ಲೇ. ಅದನ್ನ ಹೊರಗೆ ತೆಗೆಯೋದು ಇನ್ನೂ ಅಪಾಯ ಅಂತ, ಸುತ್ತಲಿನ ಬಂಡೇನೇ ಹೆಪ್ಪುಗಟ್ಟಿಸಿ ಇಡೋ ಪ್ಲಾನ್ ಮಾಡಿದ್ದಾರೆ. ಥರ್ಮೋಸೈಫನ್ ಅಂತ ಉದ್ದ ಕೊಳವೆಗಳು, ಒಳಗೆ ಒತ್ತಡದಲ್ಲಿರೋ ಕಾರ್ಬನ್ ಡೈಆಕ್ಸೈಡ್, ಚಳಿಗಾಲದಲ್ಲಿ ನೆಲದ ಶಾಖಕ್ಕೆ ಅದು ಆವಿಯಾಗಿ ಮೇಲೆ ಬಂದು ಗಾಳಿಗೆ ಶಾಖ ಬಿಟ್ಟು, ಮತ್ತೆ ದ್ರವ ಆಗಿ ಕೆಳಗಿಳಿಯತ್ತೆ, ಕರೆಂಟೇ ಬೇಡ. ಕ್ಲೀನಪ್ ಖರ್ಚಿನ ಅಂದಾಜು 438 ಕೋಟಿ ಡಾಲರ್, ಕಟ್ಟೋದು ಜನರ ಟ್ಯಾಕ್ಸ್. ಕೆಲಸ ಮುಗಿದ್ಮೇಲೂ ಕಾವಲು ಮಾತ್ರ ಮುಗಿಯಲ್ಲ. "ಎಷ್ಟು ವರ್ಷ ಫ್ರೀಜ್ ಮಾಡಿಡ್ಬೇಕಮ್ಮಾ?" ಅಂದ್ಲು ಮಗಳು. ಯಾವಾಗ್ಲೂ ಅಂತ ಹೇಳ್ದೆ, ಇನ್ನೇನು ಹೇಳ್ಲಿ.

ಈ ಗಣೀಲೇ ಇನ್ನೊಂದು ದೊಡ್ಡ ದುರಂತ ಆಗಿದೆ. 1992ರ ಮೇನಲ್ಲಿ ಕೆಲಸಗಾರರಿಗೂ ಕಂಪನಿಗೂ ಜಗಳ ಶುರುವಾಗಿ, ಗೇಟ್ ಹೊರಗೆ ಮುಷ್ಕರ, ಒಳಗೆ ಬೇರೆ ಕಡೆಯಿಂದ ಕರೆಸಿದ ಕೆಲಸಗಾರರು, ಜೊತೆಗೆ ಮುಷ್ಕರ ಬಿಟ್ಟು ಒಳಗೆ ಹೋದ ಊರಿನೋರು. ಸೆಪ್ಟೆಂಬರ್ 18ರ ಬೆಳಿಗ್ಗೆ ನೆಲದ ಕೆಳಗೆ ಬಾಂಬ್ ಸಿಡಿದು ಗಣಿ ಗಾಡೀಲಿ ಹೋಗ್ತಿದ್ದ ಒಂಬತ್ತು ಜನ ಸತ್ರು. ಬಾಂಬ್ ಇಟ್ಟಿದ್ದು ಮುಷ್ಕರದಲ್ಲಿದ್ದ ಒಬ್ಬ ಕೆಲಸಗಾರ, 1995ರಲ್ಲಿ ಅವನಿಗೆ ಜೀವಾವಧಿ ಆಯ್ತು. ಸತ್ತೋರಲ್ಲಿ ಎಷ್ಟೋ ಜನರೂ ಕೊಂದೋನೂ ಒಂದೇ ಊರಲ್ಲಿ ಒಂದೇ ಅಂಗಡೀಲಿ ಹಾಲು ತಗೋತಿದ್ದ ಜನ, ಇಷ್ಟು ಸಣ್ಣ ಊರು ಅದನ್ನ ಹೇಗೆ ತಡ್ಕೊಂಡಿರ್ಬೇಕು. ಯಂತ್ರಗಳ ಹತ್ರ ನಾಯಿ ಜೊತೆ ವಾಕಿಂಗ್ ಬಂದಿದ್ದ ವಯಸ್ಸಾದೋರೊಬ್ರು ನಮ್ಮ ಜೊತೆ ತುಂಬ ಹೊತ್ತು ಗಣಿ ಬಗ್ಗೆ ಮಾತಾಡಿದ್ರು, ಡ್ರಿಲ್ ಹೇಗೆ ಹಿಡೀತಿದ್ರು ಅಂತ ಮಗಳಿಗೆ ಕೈಯಲ್ಲಿ ತೋರಿಸಿದ್ರು. 92ರ ಮಾತು ಬಂದಾಗ ಮಾತ್ರ ತಲೆ ಅಲ್ಲಾಡಿಸಿ ಸುಮ್ನಾಗ್ಬಿಟ್ರು, ನಾವೂ ಕೇಳ್ಲಿಲ್ಲ.

ನಮ್ಮ ತಾಯಿ ಕಡೆಯೋರು ಬಂಗಾರಪೇಟೆಯೋರು, ಹಾಗಾಗಿ ಇಲ್ಲಿ ನಿಂತಾಗ ಕೆಜಿಎಫ್ ನೆನಪಾಗದೆ ಇರಲ್ಲ. ಅಲ್ಲಿ ಗಣಿ ನಿಂತಿದ್ದು 2001ರಲ್ಲಿ, ಇಲ್ಲಿ ಕಾನ್ 2003, ಜೈಂಟ್ 2004. ಅಲ್ಲಿನ ಸೈನೈಡ್ ದಿಬ್ಬಗಳ ಧೂಳು ಗಾಳಿ ಎದ್ದಾಗ ಮನೆಯೊಳಗೆ ಬರೋದನ್ನ ನೋಡಿದೋರಿಗೆ ಇಲ್ಲಿನ ಕಥೆ ಬೇರೆ ದೇಶದ್ದು ಅನ್ಸಲ್ಲ. ಇಲ್ಲಿ ತಡವಾಗಿ ಆದ್ರೂ ಲೆಕ್ಕ ಹಾಕಿ ದುಡ್ಡು ಇಟ್ಟಿದ್ದಾರೆ, ನಮ್ಮಲ್ಲೂ ಅದು ಆಗ್ಬೇಕು.

ಗುರುವಾರ

ಡೆಟ್ಟಾ. ಕೊಲ್ಲಿಯ ಆಚೆ ದಡದಲ್ಲಿರೋ ಯೆಲ್ಲೋನೈವ್ಸ್ ಡೆನೆ ಹಳ್ಳಿ. ಚಳಿಗಾಲದಲ್ಲಿ ಐಸ್ ರೋಡ್ ಮೇಲೆ ಆರು ಕಿಲೋಮೀಟರ್ ಚಿಲ್ಲರೆ, ಈಗ ಬೇಸಿಗೇಲಿ ಸುತ್ತು ಹಾಕ್ಕೊಂಡು ಹೋಗ್ಬೇಕು. ದಾರೀಲಿ ಯೆಲ್ಲೋನೈಫ್ ನದಿ ಸೇತುವೆ ಸಿಗತ್ತೆ, ಅಲ್ಲಿ ನಾವು ಇಳಿದ್ವಿ, ಯಾಕಂದ್ರೆ ಊರಿನ ಕುಡಿಯೋ ನೀರು ಈ ನದೀದು. ಊರ ಮುಂದೇನೇ ಸಮುದ್ರದಂಥ ಸರೋವರ ಇದ್ರೂ, ಜೈಂಟ್‌ನ ಆರ್ಸೆನಿಕ್ ಭಯಕ್ಕೆ 1960ರ ದಶಕದ ಕೊನೇಲಿ ಕೊಲ್ಲಿಯ ತಳದಲ್ಲಿ ಎಂಟು ಕಿಲೋಮೀಟರ್ ಪೈಪ್ ಹಾಕಿ ಗಣಿಗಿಂತ ಮೇಲಿರೋ ನದಿಯಿಂದ ನೀರು ತರೋಕೆ ಶುರು ಮಾಡಿದ್ರು. ಊರಿನೋರ ನಲ್ಲಿಗೆ ಶುದ್ಧ ನೀರು ಬಂತು, ಒಳ್ಳೇದೇ. ಆದ್ರೆ ಕೊಲ್ಲಿಯ ಸುತ್ತ ಮೀನು, ಬೆರ್ರಿ, ಬೇಟೆ ನಂಬ್ಕೊಂಡಿದ್ದ ಡೆನೆ ಜನ ತಲೆತಲಾಂತರದಿಂದ ಹೋಗ್ತಿದ್ದ ಜಾಗ ಬಿಟ್ಟು ದೂರ ದೂರ ಹೋಗ್ಬೇಕಾಯ್ತು. ಇವತ್ತಿಗೂ ಊರಿನ ಸುತ್ತ ಕೆಲವು ಸಣ್ಣ ಕೆರೆಗಳ ನೀರು ಕುಡೀಬೇಡಿ ಅಂತ ಆರೋಗ್ಯ ಇಲಾಖೆ ಎಚ್ಚರಿಕೆ ಇದೆ.

1977ರಲ್ಲಿ ನಡೆದಿದ್ದು ನನಗೆ ತುಂಬ ಇಷ್ಟವಾದ ವಿಷಯ. ಸರ್ಕಾರದ ಟೆಸ್ಟ್ ಮೇಲೆ ನಂಬಿಕೆ ಹೋಗಿ, ನ್ಯಾಷನಲ್ ಇಂಡಿಯನ್ ಬ್ರದರ್‌ಹುಡ್ ಅನ್ನೋ ಮೂಲನಿವಾಸಿ ಸಂಘಟನೆ ಮತ್ತೆ ಉಕ್ಕಿನ ಕಾರ್ಮಿಕರ ಯೂನಿಯನ್ ಸೇರಿ, ಟೊರೊಂಟೊ ಯೂನಿವರ್ಸಿಟಿಯ ವಿಜ್ಞಾನಿಗಳ ಜೊತೆ, ತಾವೇ ಜನರ ಕೂದಲು ಟೆಸ್ಟ್ ಮಾಡ್ಸಿದ್ರು, ಗಣಿ ಕೆಲಸಗಾರರದ್ದೂ ಡೆನೆ ಮಕ್ಕಳದ್ದೂ. ಎರಡರಲ್ಲೂ ಆರ್ಸೆನಿಕ್ ಹೆಚ್ಚಿತ್ತು. ಕುಲುಮೆ ಹತ್ರ ದುಡಿಯೋನು, ಹಿಮದ ನೀರು ಕುಡಿಯೋ ಮಗು, ಇಬ್ಬರ ಕಷ್ಟವೂ ಒಂದೇ ಅಂತ ಅವ್ರೇ ಸೇರಿ ತೋರಿಸ್ಕೊಟ್ರು.

ಡೆಟ್ಟಾದಲ್ಲಿ ನೋಡೋಕೆ ಅಂತ ಟೂರಿಸ್ಟ್ ಜಾಗ ಏನೂ ಇಲ್ಲ, ಮನೆಗಳು, ದೋಣಿಗಳು, ಮೀನು ಒಣಗಿಸೋ ಕಟ್ಟೆ. ದಡದಲ್ಲಿ ಬಲೆ ಸರಿ ಮಾಡ್ತಿದ್ದ ಒಬ್ಬ ಅಜ್ಜಿ ಎಲ್ಲಿಂದ ಬಂದ್ರಿ ಅಂತ ಕೇಳಿದ್ರು, ಎಡ್ಮಂಟನ್ ಅಂದಾಗ, ಬೆಂಕಿ ಬಂದಾಗ ನಾವೂ ಅಲ್ಲಿಗೇ ಬಂದಿದ್ವಿ ಅಂತ ಹೇಳಿ ಮಗಳ ಕೈಗೆ ಒಂದು ಡಬ್ಬಿ ಕ್ರ್ಯಾನ್‌ಬೆರ್ರಿ ಕೊಟ್ರು. ಎಲ್ಲಿ ಕಿತ್ತಿದ್ದು ಅಂತ ಮಗಳು ಕೇಳಿದ್ಲು. ದೋಣೀಲಿ ಪೂರ್ವಕ್ಕೆ ತುಂಬ ದೂರ ಹೋಗಿ ಅಂದ್ರು.

ರಾತ್ರಿ ಅರೋರಾ, ಅಂದ್ರೆ ಆಕಾಶದಲ್ಲಿ ಅಲೆಅಲೆಯಾಗಿ ಮೂಡೋ ಬೆಳಕು, ಕಾಣ್ತು, ಹಸಿರು, ಒಂದು ಅಂಚಲ್ಲಿ ಸ್ವಲ್ಪ ಗುಲಾಬಿ. ಅದರ ಫೋಟೋ ಎಲ್ಲ ಕಡೆ ಸಿಗತ್ತೆ, ಹಾಗಾಗಿ ಬರೆಯಲ್ಲ.

ಶುಕ್ರವಾರ

ಬೆಳಿಗ್ಗೆ ಹೊರಟ್ವಿ. ಕಾನ್ ಮೈನ್‌ನ 76 ಮೀಟರ್ ಎತ್ತರದ ರಾಬರ್ಟ್ಸನ್ ಹೆಡ್‌ಫ್ರೇಮ್, ಅಂದ್ರೆ ಗಣಿ ಬಾವಿ ಮೇಲಿನ ಗೋಪುರ, ಒಂದು ಕಾಲಕ್ಕೆ ಊರಿಗೆ ಗುರುತಾಗಿತ್ತು, 2016ರ ಅಕ್ಟೋಬರ್‌ನಲ್ಲಿ ಅದನ್ನ ಸಿಡಿಸಿ ಕೆಡವಿದ್ರು, ಉಳಿಸಿ ಅಂತ ಊರಲ್ಲಿ ಎಷ್ಟೋ ಜನ ಕೇಳ್ಕೊಂಡಿದ್ರು. ಉಳಿಸಿದ್ರೆ ಚೆನ್ನಾಗಿತ್ತು. ಚಿನ್ನ ಮುಗಿಯೋ ಹೊತ್ತಿಗೆ 1991ರಲ್ಲಿ ಉತ್ತರದಲ್ಲಿ ವಜ್ರ ಸಿಕ್ತು, 1998ರಿಂದ ಎಕಾಟಿ ಗಣಿ ಶುರುವಾಯ್ತು, ಊರು ಬದುಕ್ತು. ಆ ಗಣಿಗಳೂ ಕೊನೆ ಹತ್ರ ಬರ್ತಿವೆ.

ಹೋಗೋರಿಗೆ ಕೆಲವು ಮಾತು. ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಓಲ್ಡ್ ಟೌನ್, ಆಗ ಫಲಕಗಳಲ್ಲಿ ಯಾರ ಹೆಸರು ಇಲ್ಲ ಅನ್ನೋದು ತಾನಾಗೇ ಕಾಣತ್ತೆ. ಪೆಟ್ರೋಲ್ ಸಿಕ್ಕಿದ ಕಡೆಯೆಲ್ಲ ತುಂಬಿಸ್ಕೊಳ್ಳಿ, ಬಂಕ್‌ಗಳು ತುಂಬ ದೂರ ದೂರ. ಬೈಸನ್ ಇರೋ ಕಡೆ ಕತ್ತಲಾದ್ಮೇಲೆ ಗಾಡಿ ಓಡಿಸ್ಬೇಡಿ. ವೆಜಿಟೇರಿಯನ್ ಆದ್ರೆ ರೈಸ್ ಕುಕ್ಕರ್ ತಗೊಂಡು ಹೋಗಿ, ಅಲ್ಲಿ ಎಲ್ಲ ಕಡೆ ಮೀನು. ಅರೋರಾ ಟೂರ್‌ಗೆ ಅಂತ ಎರಡು ರಾತ್ರಿ ಬಂದು ಹೋಗೋರು ಜಾಸ್ತಿ, ಅಂಥೋರು ದಯವಿಟ್ಟು ಹಗಲಲ್ಲಿ ಒಂದು ಗಂಟೆ ಬಿಡುವು ಮಾಡ್ಕೊಂಡು ಜೈಂಟ್ ಮೈನ್ ಕಡೆ ಹೋಗಿ ಬನ್ನಿ, ಮಕ್ಕಳಿದ್ರೆ ಕರ್ಕೊಂಡೇ ಹೋಗಿ.